ಸುಮ್ಮನಿರದ ನೇರಳೆ ಪುಡಿ

"ಬಿಸಿ ಏರಿಸೋಕೆ ನಾನು ಬಿಡಲ್ಲ, ಡಾಕ್ಟ್ರೇ," ಎಂದಳು ಒಡೆಟ್ ಪೆಲ್ಟಿಯೆ, ಉಗಿಯ ಕವಾಟಕ್ಕೆ ಅಡ್ಡ ನಿಂತು.

ಡಾಕ್ಟರ್ ಎಂದರೆ ಮದ್ದು ಕೊಡುವವನಲ್ಲ. ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಸಿ, ಮೂರು ತಿಂಗಳ ಹಿಂದೆ ಫಾಲ್ ರಿವರ್ ಊರಿನ ಈ ಔಷಧಿ ಕಾರ್ಖಾನೆಗೆ ಮೇಲಧಿಕಾರಿಯಾಗಿ ಬಂದ ಗ್ರೇಡಿ ವಿಟ್‌ಕಾಂಬ್. ಒಡೆಟ್ ಓದಿದ್ದು ಹೈಸ್ಕೂಲು. ಈ ಕಟ್ಟಡ ಹತ್ತಿ ಗಿರಣಿಯಾಗಿದ್ದಾಗ ಅವಳಮ್ಮ ಇಲ್ಲೇ ಮಗ್ಗ ನಡೆಸಿದವಳು. ಮಗಳು ಇಪ್ಪತ್ತಾರು ವರ್ಷದಿಂದ ಇಲ್ಲೇ ರುಥೇನಿಯಂ ಲೋಹದ ನೇರಳೆ ಪುಡಿಯ ಜೊತೆ ಏಗುತ್ತಿದ್ದಾಳೆ. ಆ ಹೆಮ್ಮೆ ಅವಳ ನಡಿಗೆಯಲ್ಲೇ ಕಾಣುತ್ತಿತ್ತು. ಯಾಕೆ ಕಾಣಬಾರದು?

ಎದುರಿನ ಹಂಡೆಯಲ್ಲಿ ಆರುನೂರು ಲೀಟರ್ ದ್ರಾವಣ. ಅದರಲ್ಲಿ ಕರಗಿರುವುದು ಎಂಟು ತಿಂಗಳ ದುಡಿಮೆ: ಪಿತ್ತಕೋಶದ ಕಾಯಿಲೆಯ ಮಕ್ಕಳ ಮೇಲೆ ಪರೀಕ್ಷಿಸಬೇಕಾದ ಹೊಸ ಔಷಧಿ. ಇದು ಕೆಟ್ಟರೆ ಪರೀಕ್ಷೆಯೇ ನಿಂತುಹೋಗುತ್ತದೆ.

ದ್ರಾವಣಕ್ಕೆ ಬೆರೆಸಿದ ಆ ನೇರಳೆ ಪುಡಿಯ ಕೆಲಸ ವಿಚಿತ್ರ. ಉದ್ದನೆಯ ಅಣುವಿನ ಎರಡು ತುದಿಗಳನ್ನೂ ಕತ್ತರಿಸಿ, ಒಂದಕ್ಕೊಂದು ಬೆಸೆದು ಉಂಗುರ ಮಾಡುತ್ತದೆ. ಗಾಳಿ ಸೋಕಿದರೆ ಹಾಳಾಗುತ್ತದೆಂದು ಹಂಡೆಯ ಖಾಲಿ ಜಾಗದ ತುಂಬ ಸಾರಜನಕ. ಬೆಳಿಗ್ಗೆಯೇ ಉಂಗುರಗಳೆಲ್ಲ ಆಗಿದ್ದವು. ಈಗ ದ್ರಾವಕ ಆವಿ ಮಾಡಿದರೆ ಔಷಧಿ ಕೈಗೆ ಬರುತ್ತದೆ ಎಂದು ಗ್ರೇಡಿ ಕೆಲಸದ ಕ್ರಮ ಬರೆದಿಟ್ಟ ಹಾಳೆ ಹೇಳುತ್ತಿತ್ತು.

"ಪುಡಿಗೆ ಕೆಲಸ ಮುಗೀತು ಅಂತ ಯಾರು ಹೇಳಿದ್ರು?" ಎಂದಳು ಒಡೆಟ್. "ತೆಳ್ಳಗಿರೋವರೆಗೂ ಸರಿ. ಬತ್ತಿಸ್ತಾ ಹೋದ್ರೆ ಎಲ್ಲ ಒತ್ತೊತ್ತಾಗುತ್ತೆ. ಉಂಗುರ ಬಿಚ್ಚಿ ಒಂದಕ್ಕೊಂದು ಪೋಣಿಸಿ ಅಂಟು ಮಾಡಿಬಿಡುತ್ತೆ. ಮೊದಲು ಎಥಿಲ್ ವಿನೈಲ್ ಈಥರ್ ಹಾಕಿ ಅದರ ಕೈ ಕಟ್ಟಬೇಕು."

"ಆ ಈಥರ್ ಕಿಡಿ ಕಂಡ್ರೆ ಸಾಕು ಹೊತ್ಕೊಳ್ಳುತ್ತೆ, ಅದಕ್ಕೇ ಹಾಳೆಯಿಂದ ತೆಗೆದುಹಾಕಿದೆ. ಅದಿಲ್ದೆ ಯೂನಿವರ್ಸಿಟೀಲಿ ನೂರು ಸಲ ಮಾಡಿದ್ದೀನಿ."

"ಎಷ್ಟು ದೊಡ್ಡ ಪಾತ್ರೇಲಿ?"

ಗ್ರೇಡಿಯ ಕಿವಿ ಕೆಂಪಾಯಿತು. "ಒಂದು ಲೋಟದಷ್ಟು. ತಕ್ಷಣ ಪುಡಿ ಸೋಸಿ ತೆಗೆದುಬಿಡ್ತಿದ್ದೆ."

"ಹಾಗಾದ್ರೆ ಈಗ್ಲೂ ಲೋಟದಲ್ಲೇ ನೋಡಿ. ಎರಡು ಲೋಟ ತೆಗೀರಿ, ಒಂದಕ್ಕೆ ಈಥರ್, ಇನ್ನೊಂದಕ್ಕೆ ಬೇಡ. ಸೋಸದೆ ಎರಡನ್ನೂ ನಿಧಾನಕ್ಕೆ ಬತ್ತಿಸಿ. ನನ್ನ ಮಾತು ಸುಳ್ಳಾದ್ರೆ ಇವತ್ತೇ ಕೋಟು ಬಿಚ್ಚಿಟ್ಟು ಹೋಗ್ತೀನಿ."

ಪಂಪು ನೋಡಿಕೊಳ್ಳುತ್ತಿದ್ದ ಮನ್ನಿ ಫುರ್ಟಾಡೊ ಕಿಸಕ್ಕನೆ ನಕ್ಕ. "ಡಾಕ್ಟ್ರೇ, ಹುಷಾರು! ಚರ್ಚಿನ ಬಿಂಗೋ ಆಟದಲ್ಲಿ ಇವಳ ಪಕ್ಕ ಕೂತೋರು ಯಾರೂ ಇವತ್ತಿನವರೆಗೆ ಗೆದ್ದಿಲ್ಲ."

"ನೀನು ಬಾಯಿ ಮುಚ್ಕೊಂಡು ಪಂಪು ನೋಡೋ," ಎಂದಳು ಒಡೆಟ್. ಬಾಯಿ ಜೋರಿತ್ತು, ಆದರೆ ಸೋತರೆ? ಐವತ್ತೆಂಟರ ಹೆಂಗಸಿಗೆ ಈ ಊರಲ್ಲಿ ಇನ್ನೊಂದು ಕೆಲಸ ಯಾರು ಕೊಡುತ್ತಾರೆ?

ಎರಡು ಗಂಟೆ ಹಿಡಿಯಿತು. ಮನ್ನಿ ಖಾರದ ಮಾಂಸದ ಚೊರಿಸೊ ತುಂಬಿದ ಬನ್ನು ತಂದುಕೊಟ್ಟ, ಅವಳು ಮುಟ್ಟಲಿಲ್ಲ. ಗ್ರೇಡಿ ದ್ರಾವಣ ಬತ್ತಿಸಿದ ಎರಡು ಗಾಜಿನ ಫ್ಲಾಸ್ಕುಗಳನ್ನು ಹಿಡಿದು ಬಂದ. ಈಥರ್ ಹಾಕಿದ್ದರಲ್ಲಿ ಕಂದು ಬಣ್ಣದ ಒಣ ಹಕ್ಕಳೆ, ಅಲ್ಲಾಡಿಸಿದರೆ ಸದ್ದಾಗುತ್ತಿತ್ತು. ಇನ್ನೊಂದನ್ನು ಬೋರಲು ಹಾಕಿದ. ಏನೂ ಬೀಳಲಿಲ್ಲ. ಗಾಜಿನ ಕಡ್ಡಿಯಿಂದ ಕೆದಕಿದ. ಕಡ್ಡಿ ಅಂಟಿನಲ್ಲೇ ಸಿಕ್ಕಿಕೊಂಡಿತು.

ಅವನು ಹಂಡೆಯನ್ನೊಮ್ಮೆ ನೋಡಿದ.

"ಎಷ್ಟು ಹಾಕ್ಬೇಕು, ಒಡೆಟ್?"

ಇಪ್ಪತ್ತಾರು ವರ್ಷದಲ್ಲಿ ಆರು ಜನ ಡಾಕ್ಟರುಗಳು ಬಂದು ಹೋಗಿದ್ದರು. ಒಬ್ಬರೂ ಅವಳನ್ನು ಹೀಗೆ ಕೇಳಿರಲಿಲ್ಲ.

"ನಾಲ್ಕು ಲೀಟರ್. ಹಂಡೆ ಮೊದ್ಲು ತಣ್ಣಗಾಗ್ಲಿ, ಐದು ಡಿಗ್ರಿ. ಹಾಕಿದ ಮೇಲೆ ಒಂದು ಗಂಟೆ ಕಲಕಬೇಕು. ಐವತ್ತೊಂಬತ್ತು ನಿಮಿಷ ಅಲ್ಲ. ಬರ್ಕೊಳ್ಳಿ."

ಗ್ರೇಡಿ ಬರೆದುಕೊಂಡ. ಹಂಡೆ ತಣಿದ ಮೇಲೆ ಒಡೆಟ್ ಎರಡನೇ ಜೊತೆ ಕೈಗವಸು ತೊಟ್ಟು, ಈಥರ್ ಕೊಳವೆ ಜೋಡಿಸಲು ಏಣಿ ಹತ್ತಿದಳು. ಕಿಡಿ ಹಾರದಂತೆ ಈಥರಿನ ಡಬ್ಬಕ್ಕೆ ಭೂಸಂಪರ್ಕದ ತಂತಿಯನ್ನು ಗ್ರೇಡಿಯೇ ಕಚ್ಚಿಸಿದ. ಆಮೇಲೆ ಬಂದು, ಅವಳು ಇಳಿಯುವವರೆಗೂ ಎರಡೂ ಕೈಯಲ್ಲಿ ಏಣಿಯ ಬುಡ ಹಿಡಿದುಕೊಂಡು ನಿಂತ.