ಹಿಗ್ಗಿದ ಟೇಪು

ಸಿಟ್ಟು ಬಂದರೆ ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಳ್ಳುವುದು ದರ್ಜಿಯಮ್ಮನ ಅಭ್ಯಾಸ. ಮಾತು ಹೊರಗೆ ಬರಬಾರದಲ್ಲ, ಅದಕ್ಕೆ. ಆ ಎರಡು ತಿಂಗಳು ಅವಳ ಬಾಯಿಗೆ ಸೂಜಿ ತಪ್ಪಲೇ ಇಲ್ಲ.

ಮಗಳಿಗೆ ಮೂರು ತಿಂಗಳು ತುಂಬಿದ ಮೇಲೆ ತಲೆಯೊಂದೇ ಬೆಳೆಯತೊಡಗಿತು. ಹಾಲು ಕುಡಿದದ್ದೇ ತಡ, ವಾಂತಿ. ನೆತ್ತಿ ಮುಟ್ಟಿದರೆ ಬಿಗಿ. ಕಣ್ಣುಗುಡ್ಡೆ ಕೆಳಗೇ ಜಾರಿರುತ್ತಿತ್ತು. ಅತ್ತೆ ಮಾತ್ರ, "ತಲೆ ತುಂಬ ಬುದ್ಧಿ ಕಣೇ, ನನ್ನ ಮಗನ ಹಾಗಲ್ಲ," ಎಂದು ನಗುತ್ತಿದ್ದಳು.

ಲಸಿಕೆ ಕೇಂದ್ರದ ನರ್ಸಕ್ಕ ಎರಡು ಸಲವೂ ತಲೆಗೆ ಟೇಪು ಸುತ್ತಿ, ಕಾರ್ಡಿನಲ್ಲಿ ಚುಕ್ಕೆ ಇಟ್ಟು, "ಗೆರೆ ಒಳಗೇ ಇದೆ, ಸುಮ್ನೆ ಗಾಬರಿ ಆಗ್ಬೇಡಿ," ಎಂದು ಸಾಗಹಾಕಿದ್ದಳು. ದರ್ಜಿಯಮ್ಮ ಮನೆಗೆ ಬಂದು ತನ್ನ ಟೇಪಿನಲ್ಲಿ ಅಳೆದರೆ ಕಾರ್ಡಿನಲ್ಲಿದ್ದದ್ದಕ್ಕಿಂತ ಎರಡು ಸೆಂಟಿಮೀಟರ್ ಹೆಚ್ಚು. ಹದಿನೈದು ವರ್ಷ ಬಟ್ಟೆ ಅಳೆದ ತನ್ನ ಕೈಯನ್ನು ನಂಬದೆ ಬಿಳಿ ಕೋಟನ್ನು ನಂಬಿದಳು. ಅದನ್ನು ನೆನೆದರೆ ಈಗಲೂ ಅವಳ ಮೈ ಉರಿಯುತ್ತದೆ.

ಮೂರನೆಯ ಸಲ ನರ್ಸಕ್ಕನ ಕೈಯಿಂದ ಟೇಪು ಕಿತ್ತುಕೊಂಡು, ಮೇಜಿನ ಮೇಲೆ ತನ್ನ ಟೇಪಿನ ಪಕ್ಕ ಹಾಸಿದಳು. ನರ್ಸಕ್ಕನದು ಬಟ್ಟೆಯ ಟೇಪು, ಜಗ್ಗಿ ಜಗ್ಗಿ ಹಿಗ್ಗಿಹೋಗಿತ್ತು. ಅದರ ಐವತ್ತು ಇವಳ ಐವತ್ತೆರಡನ್ನು ದಾಟಿತ್ತು; ಅದರಲ್ಲಿ ಅಳೆದದ್ದೆಲ್ಲ ಕಡಿಮೆಯೇ ಕಾಣುತ್ತಿತ್ತು.

"ಹೊಲಿಗೆಯವರು ನಮಗೆ ಪಾಠ ಹೇಳ್ತೀರಾ?"

"ಹೇಳ್ತೀನಿ! ಇಂಥದ್ದನ್ನ ನಾವು ವರ್ಷಕ್ಕೊಂದು ಸಲ ಕಸಕ್ಕೆ ಹಾಕ್ತೀವಿ. ಇದರಲ್ಲಿ ಅಂಗಿ ಅಳೆದ್ರೆ ಗಿರಾಕಿ ನನ್ನ ಮುಖಕ್ಕೇ ಎಸೀತಾನೆ. ನೀವು ಮಕ್ಕಳ ತಲೆ ಅಳೀತೀರಲ್ಲ!"

ನರ್ಸಕ್ಕ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟಳು.

ಸ್ಕ್ಯಾನಿನಲ್ಲಿ ಕಂಡದ್ದು ನೀರು. ಮಿದುಳಿನಿಂದ ಹರಿದುಹೋಗಬೇಕಾದ ನೀರಿಗೆ ದಾರಿ ಕಟ್ಟಿ, ಅದು ಒಳಗೇ ತುಂಬಿ ಮಿದುಳನ್ನು ಬುರುಡೆಗೆ ಒತ್ತುತ್ತಿತ್ತು. ಮರುದಿನವೇ ಸರ್ಜನ್ ತಲೆಯಿಂದ ಚರ್ಮದಡಿಯಲ್ಲೇ ತೆಳು ಕೊಳವೆ ಹಾಯಿಸಿ, ನೀರು ಹೊಟ್ಟೆಗೆ ಇಳಿಯುವಂತೆ ಮಾಡಿದ. ಎರಡು ದಿನದಲ್ಲಿ ನೆತ್ತಿ ಮೆತ್ತಗಾಯಿತು. ಮಗು ಕುಡಿದ ಹಾಲು ದಕ್ಕಿತು. ದರ್ಜಿಯಮ್ಮ ಗೋಡೆಗೊರಗಿ ಮನಸಾರೆ ಅತ್ತಳು.

ಸರ್ಜನ್ ಮಗುವಿನ ಕಣ್ಣ ಮುಂದೆ ಟಾರ್ಚು ಅತ್ತಿತ್ತ ಆಡಿಸಿದ. ಮಗು ಬೆಳಕಿನ ಹಿಂದೆ ಹೋಗಲಿಲ್ಲ. ಅವನು ಮತ್ತೊಮ್ಮೆ ಆಡಿಸಿ ನೋಡಿದ.

"ಜೀವಕ್ಕೇನೂ ಭಯವಿಲ್ಲ. ಆದ್ರೆ ಒತ್ತಡಕ್ಕೆ ಕಣ್ಣಿನ ನರ ಸೊರಗಿದೆ. ದೃಷ್ಟಿ ಎಷ್ಟು ಬರುತ್ತೋ ಹೇಳೋಕಾಗಲ್ಲ," ಎಂದ. "ತಡ ಮಾಡಿಬಿಟ್ರಿ, ಅಮ್ಮ. ಎರಡು ತಿಂಗಳ ಮುಂಚೆನೇ ಬರಬೇಕಿತ್ತು."

"ಬಂದಿದ್ದೆ," ಎಂದಳು. ಆಮೇಲೆ ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಕಿರುಚಿದಳು: "ಬಂದಿದ್ದೆ!"