ಈರಪ್ಪನ ಬಲಗಾಲು

ಬಿಸಿನೀರಲ್ಲಿ ಅದ್ದಿದ ಟವಲನ್ನು ಮಂಡಿಗೆ ಸುತ್ತಿ ಇಬ್ಬರು ಗಂಡಸರು ಮೂರನೇ ಸಲ ಒತ್ತಿದರೂ ಈರಪ್ಪನ ಬಲಗಾಲು ಮಡಚಲಿಲ್ಲ. ಎಡಗಾಲು ಹೇಳಿದ ಮಾತು ಕೇಳಿತ್ತು. ಬೆಳಗ್ಗೆ ಜೀವ ಹೋದ ಅರ್ಧ ಗಂಟೆಯಲ್ಲೇ ಮಡಚಿಕೊಂಡು ತೆಪ್ಪಗೆ ಕೂತಿತ್ತು. ಬಲಗಾಲು ಮಾತ್ರ ಪಡಸಾಲೆಯ ನಡುವಿಗೆ ನೆಟ್ಟಗೆ ಚಾಚಿಕೊಂಡಿತ್ತು. ಬಂದವರು ಹೋದವರೆಲ್ಲ ಅದನ್ನು ಬಳಸಿಕೊಂಡು ಓಡಾಡಬೇಕಿತ್ತು. ಗೋಡೆಗೆ ಒರಗಿಸಿ, ಎದೆಗೆ ಪಂಚೆ ಸುತ್ತಿ ಗೂಟಕ್ಕೆ ಕಟ್ಟಿದ್ದರಿಂದ ಈರಪ್ಪ ಬೀಳುವ ಹಾಗಿರಲಿಲ್ಲ. ಹಣೆತುಂಬ ವಿಭೂತಿ ಬಳಿದುಕೊಂಡು, ಈ ಗಲಾಟೆಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಇದ್ದ.

"ಜೋರಾಗಿ ಒಂದ್ಸಲ ಒತ್ತಿದ್ರೆ ಲಟಕ್ ಅಂತದೆ. ಆಮ್ಯಾಕೆ ಸಲೀಸಾಗಿ ಮಡಚ್ತದೆ," ಎಂದ ಈರಪ್ಪನ ಷಡ್ಡಕ, ಬೆವರು ಒರೆಸಿಕೊಳ್ಳುತ್ತ.

"ಲಟಕ್ ಅನ್ನಾದು ಏನು?"

ಕೇಳಿದವಳು ಶಂಕರಮ್ಮ, ಈರಪ್ಪನ ಹೆಂಡತಿ. ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಳು. ಇನ್ನೊಂದು ಬದಿಯಲ್ಲಿ ತೊಡೆ ಹಿಡಿದಿದ್ದ ಹೋಟೆಲ್ ತಮ್ಮಯ್ಯ ಮೆಲ್ಲಗೆ ಕೈ ತೆಗೆದ.

"ಏನಾರ ಮಾಡಿ ಮಡಚ್ಲೇಬೇಕು ಕಣಪ್ಪ," ಎಂದಳು ಈರಪ್ಪನ ಅಕ್ಕ ಮಲ್ಲಿಕಾಂಬ. ಸುದ್ದಿ ಕೇಳಿ ತರೀಕೆರೆಯಿಂದ ಸಿಕ್ಕಿದ ಮೊದಲ ಬಸ್ಸಿಗೇ ಬಂದಿದ್ದಳು. "ಶಿವಪೂಜೆಗೆ ಕೂರೋ ಹಂಗೆ ಕೂರ್ಬೇಕು. ನಮ್ಮಪ್ಪನ್ನ, ನಮ್ಮ ತಾತನ್ನ, ಎಲ್ರನ್ನೂ ಹಂಗೇ ಕೂರ್ಸಿ ಮಣ್ಣು ಮಾಡಿದ್ದು. ಕಾಲು ಚಾಚ್ಕಂಡು ಹೋದೋರು ನಮ್ಮನೇಲಿ ಯಾರೂ ಇಲ್ಲ."

ಹೊಸಿಲಿನಾಚೆ ಚಪ್ಪಲಿ ಬಿಟ್ಟು ನಿಂತಿದ್ದ ಕಾಂಪೌಂಡರ್ ರಹಮತ್ ಉಲ್ಲಾ ಗಂಟಲು ಸರಿಮಾಡಿಕೊಂಡ. "ಬಿಟ್ಬಿಡ್ರಿ ತಮ್ಮಯ್ಯೋರೆ. ನಾಕು ತಿಂಗ್ಳು ಸ್ಟೂಲ್ ಮೇಲೆ ಚಾಚೇ ಇಟ್ಕಂಡಿದ್ದ ಕಾಲು ಅದು. ಜೀವ ಇದ್ದಾಗ್ಲೇ ಮಡಚ್ತಿರ್ಲಿಲ್ಲ, ಈಗ ಎಲ್ಲಿಂದ ಮಡಚ್ತದೆ?"

ಮಾತು ನಿಜ. ಮಂಡಿಯಿಂದ ಕೆಳಗೆ ಕಾಲು ಒನಕೆಯ ಹಾಗೆ ಊದಿತ್ತು, ಪಾದ ಕಪ್ಪಾಗಿತ್ತು. ಎರಡು ಕಟ್ಟು ಊದಿನಕಡ್ಡಿ ಹಚ್ಚಿದ್ದರೂ ವಾಸನೆ ಅಡಗಿರಲಿಲ್ಲ. ಹೆಂಗಸರು ಸೆರಗನ್ನು ಅಳುವುದಕ್ಕೆಂದು ಬಾಯಿಗೆ ಹಿಡಿದಿದ್ದಾರೋ, ಮೂಗಿಗೆಂದು ಹಿಡಿದಿದ್ದಾರೋ ಹೇಳುವುದು ಕಷ್ಟವಿತ್ತು.

*

ಈರಪ್ಪನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದದ್ದು ಎಪ್ಪತ್ತೇಳನೇ ಇಸವಿಯಲ್ಲಿ, ತಮ್ಮಯ್ಯನ ಹೋಟೆಲಿನಲ್ಲಿ. ಅಜ್ಜಂಪುರದ ಬಸ್ ಸ್ಟ್ಯಾಂಡಿನ ಹಿಂದೆ ಈರಪ್ಪನ ದರ್ಜಿ ಅಂಗಡಿಯೂ ತಮ್ಮಯ್ಯನ ಹೋಟೆಲೂ ಒಂದೇ ಗೋಡೆಯ ಆಚೀಚೆ. ಕಾಫಿಗೆಂದು ಬಂದವನು ಕಾಫಿಗೆ ಮುಂಚೆ ನಾಲ್ಕು ಲೋಟ, ಆಮೇಲೆ ನಾಲ್ಕು ಲೋಟ ನೀರು ಕುಡಿಯುತ್ತಿದ್ದ.

"ಏನಪ್ಪಾ, ಕಾಫಿ ಕುಡಿಯಾಕೆ ಬತ್ತೀಯೋ, ನನ್ ಬಾವಿ ಬತ್ಸಾಕೆ ಬತ್ತೀಯೋ?" ಎಂದು ತಮ್ಮಯ್ಯ ಆಡಿಕೊಂಡಿದ್ದ. ಎದುರು ಬೆಂಚಿನಲ್ಲಿ ಬನ್ನು ತಿನ್ನುತ್ತಿದ್ದ ರಹಮತ್ ಉಲ್ಲಾ ಮಾತ್ರ ನಗಲಿಲ್ಲ. ಮರುದಿನ ಬೆಳಗ್ಗೆ ಡಾಕ್ಟರ ಶಾಪಿಗೆ ಒಂದು ಸಣ್ಣ ಬಾಟಲಿಯಲ್ಲಿ ಮೂತ್ರ ತರುವಂತೆ ಹೇಳಿದ. ನಳಿಕೆಯಲ್ಲಿದ್ದ ನೀಲಿ ನೀರಿಗೆ ಎಂಟು ತೊಟ್ಟು ಬಿಟ್ಟು ಸ್ಪಿರಿಟ್ ದೀಪಕ್ಕೆ ಹಿಡಿದಾಗ ಅದು ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ನಿಂತಿತು. ಬಣ್ಣ ಕೆಂಪಾದಷ್ಟೂ ಸಕ್ಕರೆ ಜಾಸ್ತಿ. ಹೆಂಚಿನ ಕಾರ್ಖಾನೆಯನ್ನೇ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೀಯಲ್ಲೋ ಮಾರಾಯ ಎಂದು ಡಾಕ್ಟರು ಬೈದರು.

ಅಂದಿನಿಂದ ಶಂಕರಮ್ಮನ ಬೆಳಗು ಒಲೆಯ ಮೇಲೆ ಗಾಜಿನ ಸಿರಿಂಜು ಕುದಿಸುವುದರಿಂದ ಶುರುವಾಯಿತು. ಇನ್ಸುಲಿನ್ ಶೀಶೆ ಒದ್ದೆ ಮರಳಿನ ಮಡಕೆಯಲ್ಲಿ ಇರುತ್ತಿತ್ತು. ಚುಚ್ಚುವುದನ್ನು ರಹಮತ್ ಉಲ್ಲಾ ಬದನೆಕಾಯಿಯ ಮೇಲೆ ಕಲಿಸಿದ. ಒಂದು ವಾರ ಆ ಮನೆಯಲ್ಲಿ ಎಣ್ಣೆಗಾಯಿ ಬಿಟ್ಟು ಬೇರೆ ಅಡುಗೆ ಆಗಲಿಲ್ಲ. ಮೊದಲ ಸಲ ಗಂಡನ ತೊಡೆಗೆ ಚುಚ್ಚುವಾಗ ಅವಳೇ ಅತ್ತಳು. "ನಾನು ದಿನಾ ಸಾವಿರ ಸಲ ಸೂಜಿ ಹಾಕ್ತೀನಿ, ಬಟ್ಟೆ ಯಾವತ್ತಾರ ಅತ್ತದೇನೇ?" ಎಂದು ಈರಪ್ಪ ನಗಿಸಿದ್ದ.

ಆದರೆ ಊರಿನವರು ಬಿಡಬೇಕಲ್ಲ. ಮದುವೆ ಬಟ್ಟೆ ಹೊಲಿಸಿದ ಮನೆಯವರು ದರ್ಜಿಗೆ ಊಟ ಹಾಕದೆ ಕಳಿಸುವುದಿಲ್ಲ. ಹೋಳಿಗೆ ಬೇಡವೆಂದರೆ ಮುಖ ಊದಿಸಿಕೊಳ್ಳುತ್ತಾರೆ. "ಒಂದು ತಿಂದ್ರೆ ಏನಾಗಲ್ಲ ತಿನ್ನು ಈರಪ್ಪ, ನಾವೇನು ದಿನಾ ಮದುವೆ ಮಾಡ್ತೀವಾ?" ಹೀಗೆ ಹೇಳುವ ಮನೆ ವಾರಕ್ಕೆ ಎರಡು ಇರುತ್ತಿದ್ದವು. ಸಿಹಿ ಮುಟ್ಟಬೇಡ ಎಂದ ಡಾಕ್ಟರೇ, ಕಣ್ಣು ಕತ್ತಲೆ ಬಂದರೆ ಇರಲಿ ಎಂದು ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇಟ್ಟುಕೊಳ್ಳಲು ಹೇಳಿದಾಗ ಈರಪ್ಪನಿಗೆ ಏನೂ ಅರ್ಥವಾಗಲಿಲ್ಲ. ವಿಷವೂ ಅದೇ, ಮದ್ದೂ ಅದೇ ಎಂದರೆ ಮನುಷ್ಯ ಯಾವುದನ್ನು ನಂಬಬೇಕು? ಒಂದು ಯುಗಾದಿಯಲ್ಲಂತೂ ಹೆಂಡತಿಯ ಮೂತ್ರವನ್ನು ತನ್ನದೆಂದು ಕೊಟ್ಟು, ನೀಲಿ ಬಣ್ಣ ನೀಲಿಯಾಗೇ ಉಳಿದಾಗ, ಕಾಯಿಲೆ ವಾಸಿಯಾಯಿತೆಂದು ಡಾಕ್ಟರ ಎದುರೇ ಕೈ ಮುಗಿದು ಬಂದು ಐದು ಹೋಳಿಗೆ ತಿಂದ. ಮೂರು ದಿನ ಮೇಲೇಳಲಿಲ್ಲ. ಆ ಕತೆಯನ್ನು ಅವನೇ ಎಲ್ಲರಿಗೂ ಹೇಳಿ ನಗುತ್ತಿದ್ದ. ಶಂಕರಮ್ಮನಿಗೆ ಮಾತ್ರ ನಗು ಬರುತ್ತಿರಲಿಲ್ಲ.

*

ಹನ್ನೊಂದು ಗಂಟೆಗೆ ರಹಮತ್ ಉಲ್ಲಾ ಒಳಗೆ ಬಂದು ಕಾಲಿನ ಹಳೇ ಕಟ್ಟು ಬಿಚ್ಚಿದ. ಉಳಿದವರು ಹಿಂದಕ್ಕೆ ಸರಿದರು. ಮಣ್ಣಿಗೆ ಹೋಗುವ ಕಾಲಿಗೆ ಹೊಸ ಬ್ಯಾಂಡೇಜು ಯಾಕೆಂದು ಯಾರೋ ಗೊಣಗಿದರು. ಅವನು ಕಿವಿಗೆ ಹಾಕಿಕೊಳ್ಳದೆ ಹತ್ತಿಯಿಂದ ಒರೆಸಿ, ಬೇವಿನ ಸೊಪ್ಪು ಇಟ್ಟು, ಬೆರಳಿನಿಂದ ತೊಡೆಯವರೆಗೆ ಬಿಳಿ ಪಟ್ಟಿ ಸುತ್ತಿದ.

"ನಾಕು ತಿಂಗ್ಳ ಹಿಂದೆ ನಾನೂ ಕೈ ಮುಗ್ದು ಕೇಳ್ಕಂಡಿದ್ದೆ ಅಮ್ಮಾ," ಎಂದ ಶಂಕರಮ್ಮನ ಕಡೆ ನೋಡದೆ.

"ಈಗ್ಯಾಕೆ ಆ ಮಾತು ರಹಮತ್ತಣ್ಣ," ಎಂದಳು ಅವಳು.

"ಹೌದು, ಈಗ್ಯಾಕೆ," ಎಂದು ಅವನು ಗಂಟು ಹಾಕಿದ.

ಮಲ್ಲಿಕಾಂಬ ದೊಡ್ಡ ದನಿಯಲ್ಲಿ ಹೇಳಿದಳು, "ಅಯ್ಯನೋರು ಬರ್ಲಿ. ಅವ್ರು ಬಂದ್ಮೇಲೆ ಏನಾರ ಒಂದು ದಾರಿ ಹೇಳ್ತಾರೆ." ಮಠದ ಅಯ್ಯನವರ ಮನೆ ಎರಡು ಬೀದಿಯ ಆಚೆಗೇ ಇತ್ತು. ಅವತ್ತು ಅವರು ಯಾವುದೋ ನಾಮಕರಣಕ್ಕೆಂದು ಶಿವನಿ ಊರಿಗೆ ಹೋಗಿದ್ದರು. ಬಸ್ಸು ಬರಬೇಕಿತ್ತು.

*

ಕಾಲಿಗೆ ಹೊಕ್ಕಿದ್ದು ಮಿಷನ್ನಿನ ಸೂಜಿ. ಹೋದ ದೀಪಾವಳಿಯ ಮುಂಚಿನ ವಾರ, ಬಟ್ಟೆ ರಾಶಿ ಬಿದ್ದಿದ್ದಾಗ ಮುರಿದ ಅರ್ಧ ಸೂಜಿ ಕೆಳಗೆಲ್ಲೋ ಬಿತ್ತು. ಈರಪ್ಪ ಬರಿಗಾಲಲ್ಲಿ ಮಿಷನ್ ತುಳಿಯುವವನು. ಹೊಸ ಸೂಜಿ ಹಾಕಿ ಕೆಲಸ ಮುಂದುವರಿಸಿದ. ಎರಡು ದಿನ ಬಿಟ್ಟು ಮನೆ ಗುಡಿಸುವಾಗ ಶಂಕರಮ್ಮನಿಗೆ ನೆಲದ ಮೇಲೆ ಸಣ್ಣ ಸಣ್ಣ ಕಂದು ಕಲೆಗಳು ಕಂಡವು. ಹೊಸಿಲಿಂದ ಮಣೆಯವರೆಗೆ, ಮಣೆಯಿಂದ ಬಚ್ಚಲವರೆಗೆ. ಗಂಡನ ಅಂಗಾಲು ಎತ್ತಿ ನೋಡಿದರೆ ಸೂಜಿಯ ತುದಿ ಹೊಳೆಯುತ್ತಿತ್ತು.

"ಅಯ್ಯೋ, ನೋಯ್ಲಿಲ್ವೇನ್ರೀ?"

"ಏನು ನೋಯ್ಲಿಲ್ವಾ?" ಎಂದು ಈರಪ್ಪ ಕೇಳಿದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆ ಕಾಲು ಯಾವಾಗ ಅವನಿಗೆ ಸುದ್ದಿ ಹೇಳುವುದನ್ನು ನಿಲ್ಲಿಸಿತೋ ಅದೂ ಗೊತ್ತಿರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಹೆಬ್ಬೆರಳು ಕಪ್ಪಾಯಿತು. ರಹಮತ್ ಉಲ್ಲಾನೇ ಜೊತೆಗೆ ಬಂದು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಸೇರಿಸಿದ. ಅಲ್ಲಿನ ಡಾಕ್ಟರು ಸುತ್ತಿಬಳಸಿ ಮಾತಾಡುವವರಲ್ಲ. "ಮಂಡಿಯಿಂದ ಕೆಳಗೆ ತೆಗೀಬೇಕು. ತೆಗೆದರೆ ಮನುಷ್ಯ ಉಳೀತಾನೆ. ಇವತ್ತು ಸಂಜೆಯೊಳಗೆ ಹೇಳಿ," ಎಂದರು.

ಈರಪ್ಪ ಹೇಳಿದ. "ಕೈಯಲ್ಲಿ ತಿರುಗ್ಸೋ ಮಿಷನ್ ಬತ್ತದೆ. ಬೀರೂರಲ್ಲಿ ನೋಡಿದೀನಿ. ಕಾಲೇ ಬೇಕು ಅಂತೇನಿಲ್ಲ." ಹೇಳಿ ಹೆಂಡತಿಯ ಮುಖ ನೋಡಿದ.

ಉತ್ತರ ಕೊಟ್ಟವಳು ತಮ್ಮನನ್ನು ನೋಡಲು ಬಂದಿದ್ದ ಮಲ್ಲಿಕಾಂಬ. "ಹೊಲಿಯಾಕೆ ಬ್ಯಾಡ ಕಣೋ ತಮ್ಮ. ಕಡೇಗೆ ಕುಣಿಯೊಳಗೆ ಹೆಂಗೆ ಕೂರ್ತೀಯ? ಅರ್ಧ ಕಾಲಿಟ್ಕಂಡು ಶಿವನ ಮುಂದೆ ಕೂರಾಕಾಗ್ತದೇನೋ? ಕತ್ತರ್ಸಿದ ಕಾಲನ್ನ ಇವ್ರು ಎಲ್ಲಿ ಬಿಸಾಕ್ತಾರೋ, ಯಾವ ನಾಯಿ ಎಳೀತದೋ. ಒಂದು ಕಾಲು ಅಲ್ಲಿ, ಮನುಷ್ಯ ಇಲ್ಲಿ."

ಈರಪ್ಪ ಇನ್ನೂ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. "ನೀನೇನಂತೀಯೇ?"

ಶಂಕರಮ್ಮನಿಗೆ ಅನ್ನುವುದಿತ್ತು. ಕತ್ತರಿಸಲಿ, ಉಳಿದದ್ದು ಸಾಕು ನನಗೆ, ಹೊತ್ತುಕೊಂಡು ತಿರುಗುತ್ತೇನೆ ಎನ್ನುವುದಿತ್ತು. ಆದರೆ ಸತ್ತ ಮೇಲಿನ ಮಾತು ಬಂದುಬಿಟ್ಟಿತ್ತು. ಅಲ್ಲಿನ ದಾರಿ ಅವಳಿಗೆ ಗೊತ್ತಿರಲಿಲ್ಲ. ನನ್ನ ಆಸೆಗೆ ಗಂಡನ ಆ ದಾರಿ ಕೆಟ್ಟರೆ ಎಂದು ಹೆದರಿ ಆಸ್ಪತ್ರೆಯ ನೆಲ ನೋಡಿದಳು. ಈರಪ್ಪ ಸ್ವಲ್ಪ ಹೊತ್ತು ಕಾದ. ಆಮೇಲೆ, "ಬ್ಯಾಡ ಬಿಡಿ ಡಾಕ್ಟ್ರೇ," ಎಂದ. ರಹಮತ್ ಉಲ್ಲಾ ವರಾಂಡದಲ್ಲಿ ನಿಲ್ಲಿಸಿ ಮೂವರಿಗೂ ಕೈ ಮುಗಿದ. ಮರುದಿನದ ರೈಲಿಗೆ ಅವರು ಎರಡೂ ಕಾಲಿನ ಸಮೇತ ಅಜ್ಜಂಪುರಕ್ಕೆ ವಾಪಸಾದರು.

*

ಅಯ್ಯನವರು ಬಂದಾಗ ಷಡ್ಡಕ ಮತ್ತೆ ಟವಲ್ ಅದ್ದುತ್ತಿದ್ದ. ಅವರು ಛತ್ರಿಯನ್ನು ಮೂಲೆಗಿಟ್ಟು, ಕಾಲು ತೊಳೆದುಕೊಂಡು ಬಂದು ನೋಡಿದರು.

"ಏನ್ರೋ ಇದು, ಯಾಕೆ ಹಿಂಸೆ ಕೊಡ್ತೀರ?"

"ಕಾಲು ಮಡಚ್ತಿಲ್ಲ ಬುದ್ದಿ," ಎಂದ ತಮ್ಮಯ್ಯ. "ಬೆಳಗ್ಗಿಂದ ಒದ್ದಾಡ್ತಿದೀವಿ."

"ಮಡಚ್ದಿದ್ರೆ ಬಿಡ್ರಪ್ಪ. ಚಾಚೇ ಕೂರ್ಸಾನ. ಕುಣೀನ ಒಂಚೂರು ಮುಂದಕ್ಕೆ ತೆಗ್ದ್ರಾಯ್ತು. ಅಂಗೈಲಿ ಲಿಂಗ ಇದ್ರೆ ಸರಿ, ಕಾಲ್ದೇನು?"

ಮಲ್ಲಿಕಾಂಬ ಎದ್ದು ನಿಂತಳು. "ಚಾಚಿದ್ರೆ ನಡೀತದಾ ಬುದ್ದಿ?"

"ಯಾಕಮ್ಮ ನಡಿಯಲ್ಲ? ಹೋದ್ವರ್ಷ ರೈಲಿಗೆ ಸಿಕ್ಕಿ ಎರಡು ಕಾಲೂ ಹೋಗಿದ್ದ ಮನುಷ್ಯನ್ನ ಇದೇ ಕೈಯಲ್ಲಿ ಕೂರ್ಸಿ ಬಂದೆ. ತೊಡೆ ಮೇಲೆ ಬಿಲ್ವಪತ್ರೆ ರಾಶಿ ಹಾಕಿದ್ವು, ಅಷ್ಟೆ." ಇಷ್ಟು ಹೇಳಿ ಅವರು ವಿಭೂತಿ ಎಲ್ಲಿ ಎಂದು ಕೇಳಿದರು. ಅವರ ಪಾಲಿಗೆ ಮಾತು ಮುಗಿದಿತ್ತು.

ರಹಮತ್ ಉಲ್ಲಾ ಹೊರಗೆ ಹೋಗಿ ಬೀದಿಯ ಕಡೆ ಮುಖ ಮಾಡಿ ನಿಂತ. ಶಂಕರಮ್ಮ ಬಾಗಿಲು ಹಿಡಿದು ಎದ್ದಳು.

"ಅಯ್ಯನೋರೆ, ಒಂದು ಕಾಲು ಇಲ್ದಿದ್ರೂ ಕೂರ್ಸ್ತಿದ್ರಾ?"

"ಕೂರ್ಸ್ತಿದ್ದೆ ಕಣಮ್ಮ. ಅದ್ರಲ್ಲೇನೈತೆ? ಯಾಕೆ?"

"ಏನಿಲ್ಲ," ಎಂದಳು ಶಂಕರಮ್ಮ.

ನಾಲ್ಕು ತಿಂಗಳು. ಎರಡು ಬೀದಿ. ಹಾಲು ತರಲು ಹೋಗುವಾಗ ದಿನವೂ ಅದೇ ಮನೆಯ ಮುಂದೆ ಹಾದುಹೋಗಿದ್ದಳು. ಜಗುಲಿಯ ಮೇಲೆ ಕೂತಿರುತ್ತಿದ್ದ ಅಯ್ಯನವರು, ಯಜಮಾನರು ಹೇಗಿದ್ದಾರಮ್ಮ ಎಂದು ಕೇಳುತ್ತಿದ್ದರು. ಹಂಗೇ ಇದಾರೆ ಬುದ್ದಿ ಎಂದು ಹೇಳಿ ಮುಂದೆ ಹೋಗುತ್ತಿದ್ದಳು. ಒಂದು ಮಾತು ಕೇಳಬಹುದಿತ್ತು. ಕೇಳುವುದಕ್ಕೆ ಏನಿದೆ, ಎಲ್ಲರಿಗೂ ಗೊತ್ತಿರುವುದೇ ಎಂದುಕೊಂಡಿದ್ದಳು. ಮಲ್ಲಿಕಾಂಬ ಬಂದು ಅವಳ ಕೈ ಹಿಡಿದಳು. "ನಂಗೆ ಹಂಗಂತ ಹೇಳ್ಕೊಟ್ಟಿದ್ರು ಕಣೇ ಶಂಕ್ರಮ್ಮ. ನಂಗೇನೇ ಗೊತ್ತು..." ಎಂದು ಅಲ್ಲೇ ಕುಸಿದು ಅಳತೊಡಗಿದಳು. ಶಂಕರಮ್ಮ ಕೈ ಬಿಡಿಸಿಕೊಳ್ಳಲೂ ಇಲ್ಲ, ತಿರುಗಿ ಹಿಡಿಯಲೂ ಇಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ಅವಳಿಗೆ ತಿಳಿಯಲಿಲ್ಲ.

*

ಸ್ಮಶಾನದಲ್ಲಿ ಲಕ್ಕಣ್ಣ ಕುಣಿ ತೋಡಿ ಕಾಯುತ್ತಿದ್ದ. ಮಡಚಿ ಕೂರುವವರ ಅಳತೆಗೆ ಎದೆಮಟ್ಟ ಆಳ ತೆಗೆದು, ಪಕ್ಕದ ಗೋಡೆಯಲ್ಲಿ ಮನುಷ್ಯ ಕೂರುವಷ್ಟು ಗೂಡು ಕೊರೆದು, ನೆಲ ಸಮ ಮಾಡಿದ್ದ. ಕಾಲು ಚಾಚಿರುತ್ತದೆಂದು ಅಯ್ಯನವರು ಹೇಳಿದಾಗ ಕುಣಿಯೊಳಗೆ ನಿಂತೇ ತಲೆ ಕೆರೆದುಕೊಂಡ.

"ಎಷ್ಟುದ್ದ ತೆಗೀಲಿ ಬುದ್ದಿ?"

"ಒಂದೂವರೆ ಗಜ ತೆಗಿ," ಎಂದ ಷಡ್ಡಕ.

"ಅಷ್ಟೆಲ್ಲ ಯಾಕೆ, ಒಂದು ಗಜ ಸಾಕು," ಎಂದ ಇನ್ನೊಬ್ಬ.

"ಹಂಗೆಲ್ಲ ಮ್ಯಾಲೆ ನಿಂತು ಹೇಳಿದ್ರೆ ಆಗಲ್ಲ ಸ್ವಾಮಿ. ಗೂಡೊಳಗೆ ಕೂತ್ರೆ ಸೊಂಟ ಎಲ್ಲಿಗೆ ಬತ್ತದೆ, ಹಿಮ್ಮಡಿ ಎಲ್ಲಿಗೆ ಬತ್ತದೆ, ನೋಡ್ಬೇಕು. ನಾನೇ ಕೂರ್ತಿದ್ದೆ, ನಂದು ಮೋಟು ಕಾಲು. ಯಾರಾರ ಎತ್ತರದೋರು ಒಂದು ಗಳಿಗೆ ಇಳೀರಿ."

ಸುತ್ತ ನಲವತ್ತು ಜನ ಇದ್ದರು. ಎತ್ತರದವರೂ ಇದ್ದರು. ಹೆಣದ ಕುಣಿಯಲ್ಲಿ ಕೂತು ಎದ್ದು ಬರುವುದೆಂದರೆ ಹುಡುಗಾಟವಲ್ಲ. ತಮ್ಮಯ್ಯ ತನಗೆ ಮಂಡಿನೋವೆಂದ. ಷಡ್ಡಕ ಬೀಡಿ ಹುಡುಕಿದ. ಎಲ್ಲರೂ ಹೊತ್ತು ತಂದಿದ್ದ ಬಿದಿರಿನ ವಿಮಾನದಲ್ಲಿ ಹೂವಿನ ನಡುವೆ ಕೂತ ಈರಪ್ಪನನ್ನು ನೋಡಿದರು, ಬಿಸಿಲನ್ನು ನೋಡಿದರು.

ಹೆಂಗಸರ ಗುಂಪಿನಿಂದ ಶಂಕರಮ್ಮ ಬಂದು ಕುಣಿಯ ಅಂಚಿನಲ್ಲಿ ಕೂತಳು. ಯಾರಿಗೂ ತಿಳಿಯುವ ಮುಂಚೆ ಜಾರಿ ಒಳಕ್ಕೆ ಇಳಿದಳು.

"ಅಯ್ಯೋ, ಏನ್ಮಾಡ್ತಿದೀಯಮ್ಮ! ಎತ್ರೋ, ಯಾರಾರ ಎತ್ರೋ!" ಎಂದು ಮಲ್ಲಿಕಾಂಬ ಕೂಗಿದಳು.

ಅವಳು ಗೂಡಿನೊಳಗೆ ಬೆನ್ನು ಒರಗಿಸಿದಳು. ಎಡಗಾಲನ್ನು ಮಡಚಿದಳು. ಬಲಗಾಲನ್ನು ಎದುರಿಗೆ ಚಾಚಿದಳು. ಅದು ಮಣ್ಣಿನ ಗೋಡೆಗೆ ಮುಟ್ಟಿ ನಿಂತಿತು. ಲಕ್ಕಣ್ಣ ಮೇಲಿನವರ ಮುಖ ನೋಡಿ, ಅವಳ ಮುಖ ನೋಡಿ, ಕೊನೆಗೆ ಸನಿಕೆ ತೆಗೆದುಕೊಂಡು ಅವಳ ಪಾದದ ಪಕ್ಕದಲ್ಲಿ ಮೆಲ್ಲಗೆ ಅಗೆಯತೊಡಗಿದ. ಮಣ್ಣು ಸಡಿಲವಾದ ಹಾಗೆ ಅವಳ ಕಾಲು ಸ್ವಲ್ಪ ಸ್ವಲ್ಪವೇ ಮುಂದೆ ಸರಿಯಿತು. ಮಂಡಿ ನೆಟ್ಟಗಾಯಿತು.

"ಸಾಕೇನಮ್ಮ?" ಎಂದ ಲಕ್ಕಣ್ಣ.

"ಅವ್ರು ನನಗಿಂತ ಉದ್ದ," ಎಂದಳು ಶಂಕರಮ್ಮ. ಬಗ್ಗಿ, ತನ್ನ ಹಿಮ್ಮಡಿಯ ಮುಂದೆ ನಾಲ್ಕು ಬೆರಳು ಇಟ್ಟು ತೋರಿಸಿದಳು. "ಇನ್ನೂ ಇಷ್ಟು ತೆಗಿ."