ಲೋಟದ ತಳದ ಮಸಿ

ಎಷ್ಟು ಉಜ್ಜಿದರೂ ಆ ಮಸಿ ಹೋಗಲಿಲ್ಲ. ಮಗಳು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಳಗೆ, ತಳದಲ್ಲಿ, ನಾಣ್ಯದಗಲದ ಕಪ್ಪು ವೃತ್ತ. ಪಾತ್ರೆಗೆ ಹೊರಗಿನಿಂದ ಮಸಿ ಹಿಡಿಯುವುದನ್ನು ಅವಳು ಕಂಡಿದ್ದಳು, ಒಳಗಿನಿಂದ ಹಿಡಿದದ್ದನ್ನು ಕಂಡಿರಲಿಲ್ಲ. ಇನ್ನೊಂದು ಲೋಟ ತೆಗೆದಳು. ಅದರಲ್ಲೂ ಇತ್ತು. ಅಮ್ಮನ ಅಡುಗೆಮನೆಯ ಆರು ಗಾಜಿನ ಲೋಟಗಳಲ್ಲಿ ಐದರ ತಳ ಕಪ್ಪಾಗಿತ್ತು.

“ಬಿಡೇ ಗುಬ್ಬಿ, ಚಹಾ ಹಾಕಿದ್ರೆ ಯಾರಿಗೆ ಕಾಣುತ್ತೆ?” ಎಂದಳು ಚಿಕ್ಕಮ್ಮ.

“ಕುಡಿದು ಮುಗಿಸಿದ ಮೇಲೆ ಕಾಣುತ್ತೆ.”

“ಅಷ್ಟು ಹೊತ್ತಿಗೆ ಎದ್ದು ಹೋಗಿರ್ತಾರೆ. ನೀನೂ ಥೇಟ್ ನಿಮ್ಮಮ್ಮನೇ! ಕೆಲಸ ಬಿಟ್ಟ ಮೇಲಾದ್ರೂ ಆರಾಮಾಗಿರೇ ಅಂದ್ರೆ, ಲೋಟ ಬೋರಲು ಹಾಕ್ಕೊಂಡು ಕೂತಿರ್ತಿದ್ಲು ನಮ್ಮಕ್ಕ...” ಎನ್ನುತ್ತಲೇ ಚಿಕ್ಕಮ್ಮನ ದನಿ ಒಡೆಯಿತು. ಕೈಯಲ್ಲಿದ್ದ ಚಹಾ ಸೋಸುವ ಜರಡಿಯನ್ನೇ ಮುಖಕ್ಕೆ ಅಡ್ಡ ಹಿಡಿದು ಅತ್ತಳು.

ಮಗಳಿಗೆ ಅಳು ಬಂದಿರಲಿಲ್ಲ. ನಿನ್ನೆ ಬೆಳಗ್ಗೆ ಸುದ್ದಿ ಬಂದಾಗಿನಿಂದ ಎಲ್ಲವೂ ಗಾಜಿನ ಆಚೆಗೆ ನಡೆಯುತ್ತಿರುವಂತೆ ಕಾಣುತ್ತಿತ್ತು. ಜನರ ಬಾಯಿ ಆಡುತ್ತಿತ್ತು, ಮಾತು ತುಸು ತಡವಾಗಿ ಬಂದು ತಲುಪುತ್ತಿತ್ತು. ಸಿಂಕಿನ ನೀರಿಗೆ ಬಿದ್ದ ಬಿಸಿಲು ಚಾವಣಿಯಲ್ಲಿ ಅಲುಗಾಡುತ್ತಿದ್ದುದನ್ನು ಎಷ್ಟೋ ಹೊತ್ತು ನೋಡುತ್ತಾ ನಿಂತಿದ್ದಳು. ಅಮ್ಮನನ್ನು ಒಯ್ಯುವ ಗಾಡಿ ಮೂರು ಗಂಟೆಗೆ ಬರುವುದಿತ್ತು. ಈಗ ಎರಡಾಗಿತ್ತು.

ಮುಂದಿನ ಕೋಣೆಯಲ್ಲಿ ಅಮ್ಮ ಮಲಗಿದ್ದಳು. ಬಿಳಿ ಹೊದಿಕೆಯ ಅಂಚನ್ನು ಯಾರೋ ನೀಟಾಗಿ ಮಡಚಿದ್ದರು. ಬಾಡಿಗೆ ಕುರ್ಚಿಗಳ ತುಂಬ ಮಗಳಿಗೆ ಪರಿಚಯವೇ ಇಲ್ಲದ ಜನ. ಅವಳು ತಟ್ಟೆ ಹಿಡಿದು ಒಳಗೆ ಬಂದಾಗ ಖಾಕಿ ಅಂಗಿಯ ಬಸ್ ಡ್ರೈವರ್ ಮಾತಾಡುತ್ತಿದ್ದ.

“ಟೀಚರ್ ಡಿಪೋಗೆ ಬಂದಿದ್ರು ಕಣ್ರೀ. ಸೀದಾ ಡಿಪೋಗೆ! ನಾನು ಊಟದ ಡಬ್ಬಿ ಬಿಚ್ತಾ ಇದ್ದೆ. ‘ನಾಲ್ಕನೇ ಕ್ಲಾಸಲ್ಲಿ ನಿಂಗೊಂದು ಪಾಠ ತಪ್ಪು ಹೇಳಿಕೊಟ್ಟಿದ್ದೀನಿ, ಐದು ನಿಮಿಷ ಕೊಡು’ ಅಂದ್ರು. ಎದೆ ಧಸಕ್ಕಂತು. ಪಾಸಾಗಿದ್ದನ್ನ ವಾಪಸ್ ತಗೋತಾರೇನೋ ಅಂತ!”

ಎಲ್ಲರೂ ನಕ್ಕರು. ಆಮೇಲೆ ಅಮ್ಮನ ಕಡೆ ನೋಡಿ ತಟ್ಟನೆ ನಿಲ್ಲಿಸಿದರು.

“ನನ್ನ ಗಿರಣಿಗೂ ಬಂದಿದ್ರು,” ಎಂದಳು ಹಿಟ್ಟಿನ ಗಿರಣಿ ನಡೆಸುವ ಹೆಂಗಸು. ಅವಳ ಹುಬ್ಬಿನಲ್ಲಿ ಇನ್ನೂ ಹಿಟ್ಟಿನ ಧೂಳಿತ್ತು. “ತಟ್ಟೆಗೆ ಕೆಂಪು ಶಾಯಿ ನೀರು ಹಾಕಿ, ಮಧ್ಯದಲ್ಲಿ ಮೇಣದಬತ್ತಿ ನಿಲ್ಸಿ, ಹಚ್ಚಿ, ಮೇಲೆ ಲೋಟ ಬೋರಲು ಹಾಕಿದ್ರು. ‘ನಾನು ಹೇಳಲ್ಲ, ನೀನೇ ನೋಡಿ ಹೇಳು’ ಅಂತ. ಮೂರು ಸಲ ಮಾಡಿಸಿದ್ರು. ಗಿರಾಕಿಗಳು ಬೈಯೋಕೆ ಬಂದೋರು ತಾವೂ ಬಗ್ಗಿ ನೋಡ್ತಾ ನಿಂತ್ರು.”

“ನಾನು ಆ ಪಾಠಾನೇ ಮರೆತಿದ್ದೆ,” ಎಂದ ನಲ್ಲಿ ರಿಪೇರಿಯವನು. “‘ತಪ್ಪು ಕಲಿತಿದ್ದೂ ನೆನಪಿಲ್ಲ ಟೀಚರ್, ಬಿಡಿ’ ಅಂದೆ. ‘ನಂಗೆ ನೆನಪಿದೆಯಲ್ಲೋ’ ಅಂದ್ರು.”

“ಯಾವ ತಪ್ಪು?” ಎಂದು ಕೇಳಿದವಳು ಚಿಕ್ಕಮ್ಮ.

“ಉರಿ ಲೋಟದೊಳಗಿನ ಗಾಳೀಲಿ ಐದನೇ ಒಂದು ಭಾಗ ತಿನ್ನುತ್ತೆ, ಖಾಲಿಯಾದ ಜಾಗಕ್ಕೆ ನೀರು ಏರುತ್ತೆ ಅಂತ ಆಗ ಹೇಳಿಕೊಟ್ಟಿದ್ರು,” ಎಂದಳು ಗಿರಣಿಯವಳು. “ಪುಸ್ತಕದಲ್ಲೂ ಹಾಗೇ ಇತ್ತು. ಆದ್ರೆ ಉರೀತಿರುವಾಗ ನೀರು ಏರೋದೇ ಇಲ್ಲ ಅನ್ನಬೇಕು. ಬಿಸಿಗೆ ಗಾಳಿ ಹಿಗ್ಗಿ ಗುಳ್ಳೆಗುಳ್ಳೆಯಾಗಿ ಹೊರಗೆ ಹೋಗಿರುತ್ತೆ. ದೀಪ ಆರಿ ಒಳಗೆ ತಣ್ಣಗಾದ ಮೇಲೆ ಉಳಿದ ಗಾಳಿ ಕುಗ್ಗುತ್ತಂತೆ, ಆಗ ಏರುತ್ತೆ ನೀರು.”

“ಕುಗ್ಗುತ್ತಂತೆ ಏನು? ಕಣ್ಣಾರೆ ನೋಡಿದ್ದೀವಲ್ಲ,” ಎಂದ ಡ್ರೈವರ್.

ಮಗಳು ಲೋಟಗಳ ತಟ್ಟೆಯನ್ನು ನೆಲದ ಮೇಲಿಟ್ಟಳು. ಕೊನೆಯ ಏಳು ವರ್ಷ ಅಮ್ಮ ಹಳೆಯ ವಿದ್ಯಾರ್ಥಿಗಳ ಮನೆಗಳಿಗೆ ಅಲೆಯುತ್ತಿದ್ದಳೆಂದು ಅವಳಿಗೆ ಗೊತ್ತಿತ್ತು. ಮದುವೆ ಮನೆಗೋ ಮಗು ನೋಡಲೋ ಇರಬೇಕು ಎಂದುಕೊಂಡಿದ್ದಳು. ಯಾಕೆ ಎಂದು ಕೇಳಿರಲಿಲ್ಲ. ಅಮ್ಮನನ್ನು ಅವಳು ಏನನ್ನೂ ಕೇಳುತ್ತಿರಲಿಲ್ಲ.

ಊರಿಗೆಲ್ಲ ಹೋಗಿ ಹೇಳಿದಳು. ನಾನೂ ಆ ಪಾಠದ ಕ್ಲಾಸಿನಲ್ಲಿದ್ದೆನಲ್ಲ, ಎಂದುಕೊಂಡಳು ಮಗಳು. ಆ ದಿನ ಅಮ್ಮನಿಗೆ ನೆನಪಿತ್ತೇ, ಇಲ್ಲವೇ?

ಈಗ ಕೇಳೋಣವೆಂದರೆ ಅಮ್ಮ ಹೊದಿಕೆಯ ಕೆಳಗೆ ಮಲಗಿದ್ದಳು.

*

ಮನೆಯಲ್ಲಿ ಅವಳು ಗುಬ್ಬಿ, ಶಾಲೆಯಲ್ಲಿ ಇಪ್ಪತ್ತಮೂರು. ಹಾಜರಿಯಲ್ಲಿ ಅವಳ ನಂಬರು ಅದು. ಶಾಲೆಯ ಗೇಟು ದಾಟಿದ ಕೂಡಲೇ ಅಮ್ಮ ಅವಳ ಕೈ ಬಿಡುತ್ತಿದ್ದಳು. ಅಲ್ಲಿಂದಾಚೆ ಅಮ್ಮನನ್ನು ‘ಟೀಚರ್’ ಎನ್ನಬೇಕು. ಟೀಚರ ಮಗಳೆಂದು ಮೆರೆಯುತ್ತಾಳೆ ಅಂತ ಯಾರೂ ಅನ್ನಬಾರದು. ಹಾಗಾಗಿ ಉಳಿದವರಿಗೆ ಒಂದು ಏಟಾದರೆ ಇವಳಿಗೆ ಎರಡು.

ಅವಳಿಗಾಗ ಒಂಬತ್ತು ವರ್ಷ. ಕಿಟಕಿಗಳಿಗೆ ಹಳೆಯ ಭೂಪಟಗಳನ್ನು ತೂಗುಹಾಕಿ ಟೀಚರ್ ಕೋಣೆಯನ್ನು ಕತ್ತಲು ಮಾಡಿದ್ದರು. ನಲವತ್ತು ಮಕ್ಕಳು ಮೇಜಿನ ಸುತ್ತ ಒತ್ತೊತ್ತಾಗಿ ನಿಂತಿದ್ದರು. ಮೇಣದಬತ್ತಿಯ ಬೆಳಕಿನಲ್ಲಿ ಅಮ್ಮನ ಮುಖ ಎಷ್ಟು ಚೆಂದ ಕಾಣುತ್ತಿತ್ತೆಂದರೆ, ಗುಬ್ಬಿಗೆ ತಾನು ಇಪ್ಪತ್ತಮೂರು ಎಂಬುದೇ ಮರೆತುಹೋಗಿತ್ತು. ಲೋಟ ಬೋರಲಾಯಿತು. ಉರಿ ಸಣ್ಣಗಾಯಿತು, ನೀಲಿಯಾಯಿತು, ಆರಿತು. ನೀರು ಏರಿತು. ಮಕ್ಕಳು ಹೋ ಎಂದರು.

“ಉರಿ ಗಾಳಿಯನ್ನು ತಿಂದ ಹಾಗೆಲ್ಲ ಆ ಜಾಗಕ್ಕೆ ನೀರು ಏರಿತು. ಗೊತ್ತಾಯ್ತಾ?”

“ಗೊತ್ತಾಯ್ತು ಟೀಚರ್!”

“ಇಲ್ಲ ಟೀಚರ್,” ಎಂದಳು ಗುಬ್ಬಿ. “ದೀಪ ಉರೀತಿದ್ದಾಗ ನೀರು ಸುಮ್ನಿತ್ತು. ಆರಿದ ಮೇಲೆ ಏರ್ತು. ತಿನ್ನೋದು ನಿಲ್ಸಿದ ಮೇಲೆ ಯಾಕೆ ಏರ್ತು?”

ಅಮ್ಮನ ಮುಖದಲ್ಲಿ ಒಂದು ಕ್ಷಣ ಏನೋ ಸುಳಿದು ಹೋದುದನ್ನು ಅವಳು ಕಂಡಳು. ಅದು ಕೋಪವಲ್ಲ, ಭಯದಂಥದ್ದು. ಆಮೇಲೆ ಟೀಚರ್ ಹೇಳಿದರು: “ಇಪ್ಪತ್ತಮೂರು, ಕಣ್ಣು ಎಲ್ಲಿಟ್ಟಿದ್ದೆ? ಎಲ್ಲರಿಗೂ ಕಂಡದ್ದು ನಿನಗೊಬ್ಬಳಿಗೆ ಕಾಣಲಿಲ್ವಾ? ಹೊರಗೆ ನಿಂತ್ಕೊ.”

ಉಳಿದ ಮಕ್ಕಳೆಲ್ಲ ನಕ್ಕರು. ಹೊರಗೆ ನಿಂತು ಅವಳು ತನ್ನ ಕಣ್ಣುಗಳನ್ನು ಒಂದೊಂದಾಗಿ ಮುಚ್ಚಿ ತೆರೆದು ಪರೀಕ್ಷಿಸಿಕೊಂಡಳು. ಎರಡರಲ್ಲೂ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು.

ಸಂಜೆ ಗೇಟಿನಾಚೆ ಅಮ್ಮ ಎಂದಿನಂತೆ ಕೈ ಚಾಚಿದಳು. ಗುಬ್ಬಿ ಹಿಡಿದುಕೊಂಡಳು. ಅಮ್ಮ ಆ ಮಾತೆತ್ತಲಿಲ್ಲ, ಇವಳೂ ಎತ್ತಲಿಲ್ಲ. ಆದರೆ ಅಂದಿನಿಂದ ಅವಳು ಅಮ್ಮನನ್ನು ಪ್ರಶ್ನೆ ಕೇಳುವುದನ್ನು ಬಿಟ್ಟಳು. ಜಗಳವಿಲ್ಲ, ಮುನಿಸಿಲ್ಲ, ಪ್ರಶ್ನೆ ಮಾತ್ರ ಇಲ್ಲ. ದೊಡ್ಡವಳಾಗಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸಕ್ಕೆ ಸೇರಿದಳು. ‘ಈಗ ಚೆನ್ನಾಗಿ ಕಾಣುತ್ತಾ, ಮೊದಲು ಕಾಣ್ತಿತ್ತಾ?’ ಎಂದು ದಿನಕ್ಕೆ ಮೂವತ್ತು ಜನರನ್ನು ಕೇಳುತ್ತಿದ್ದಳು. ಅವರು ಏನೇ ಹೇಳಲಿ, ನಂಬುತ್ತಿದ್ದಳು.

*

ಎರಡೂವರೆಗೆ ಶಾಲೆಯ ಹಳೆಯ ಆಯಮ್ಮ ಬಂದಳು. ಮಂಡಿನೋವಿನ ಕಾಲನ್ನು ಎಳೆದುಕೊಂಡು ನೇರ ಅಮ್ಮನ ಬಳಿ ಹೋಗಿ, ಹೊದಿಕೆಯ ಮೇಲೆ ಕೈಯಿಟ್ಟು, “ಬಂದೆ ಟೀಚರಮ್ಮ. ಬಸ್ಸು ಸಿಗ್ಲಿಲ್ಲ,” ಎಂದಳು, ಕೆಲಸಕ್ಕೆ ತಡವಾಗಿ ಬಂದವಳಂತೆ. ಆಮೇಲೆ ಸುತ್ತ ನೋಡಿ, “ಚೀಲ ಎಲ್ಲಿ?” ಎಂದು ಕೇಳಿದಳು.

“ಯಾವ ಚೀಲ?” ಎಂದಳು ಮಗಳು.

“ನೀಲಿ ಚೀಲ ತಾಯಿ. ನಿಮ್ಮನೆಗೂ ತರ್ತಿದ್ರಲ್ಲ.”

ಅದು ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿತ್ತು. ತೆಗೆದಾಗ ಒಳಗೆ ಗಾಜು ಸದ್ದು ಮಾಡಿತು. ಅಗಲವಾದ ತಟ್ಟೆ, ಬಟ್ಟೆ ಸುತ್ತಿದ ಲೋಟ, ಮೇಣದಬತ್ತಿಯ ತುಂಡು, ಬೆಂಕಿಪೊಟ್ಟಣ, ಶಾಯಿ ಬಾಟಲಿ. ತಳದಲ್ಲಿ ಒಂದು ದಪ್ಪ ನೋಟ್‌ಬುಕ್ಕು.

“ಕೆಲಸ ಬಿಡೋ ವರ್ಷ ಯಾವುದೋ ಹುಡುಗಿ ಏನೋ ಕೇಳಿದ್ಲು ಅಂತ, ಸಂಜೆ ಒಬ್ರೇ ಕೂತು ಹಚ್ಚಿದ್ರು, ಆರಿಸಿದ್ರು, ಹಚ್ಚಿದ್ರು. ನಾನು ಬೀಗ ಹಿಡ್ಕೊಂಡು ನಿಂತಿದ್ದೆ. ಹದಿನೇಳು ಸಲ! ಆಮೇಲೆ ಮಕ್ಕಳ ಬೆಂಚಿನ ಮೇಲೆ ಕೂತುಬಿಟ್ರು. ‘ಆಯಮ್ಮ, ಅವಳು ಹೇಳಿದ್ದೇ ಸರಿ’ ಅಂದ್ರು. ಅವತ್ತು ಕೇಳಿದ ಹುಡುಗಿ ಅಂದ್ಕೊಂಡೆ ನಾನು. ‘ಅಲ್ಲ, ನಮ್ಮ ಗುಬ್ಬಿ’ ಅಂದ್ರು.”

ಕೋಣೆಯ ಸದ್ದುಗಳೆಲ್ಲ ದೂರ ಸರಿದವು. ಮಗಳು ನೋಟ್‌ಬುಕ್ಕು ತೆರೆದಳು. ಹಾಜರಿ ಪುಸ್ತಕದಿಂದ ಇಳಿಸಿಕೊಂಡ ಹೆಸರುಗಳು, ವರ್ಷಕ್ಕೊಂದು ಪುಟ. ಕೆಲವು ಪುಟಗಳಲ್ಲಿ ಅರ್ಧಕ್ಕರ್ಧ ಹೆಸರುಗಳ ಮುಂದೆ ಏನೂ ಇರಲಿಲ್ಲ. ಅವಳ ವರ್ಷದ ಪುಟ ಮಾತ್ರ ತುಂಬಿತ್ತು. ಒಂದೊಂದು ಹೆಸರಿನ ಮುಂದೆ ಒಂದು ಗೆರೆ, ಒಂದು ಮಾತು. ‘ತೋರಿಸಿದೆ, ನಕ್ಕ.’ ‘ತೋರಿಸಿದೆ. ಅವಳ ಮಕ್ಕಳಿಗೂ.’ ‘ತೀರಿಕೊಂಡಿದ್ದಾನೆ. ತಾಯಿಗೆ ತೋರಿಸಿದೆ.’

ಇಪ್ಪತ್ತಮೂರರ ಮುಂದೆ ಗೆರೆ ಇರಲಿಲ್ಲ. ‘ಇವಳಿಗೆ ತೋರಿಸುವುದೇನಿದೆ? ಇವಳು ನೋಡಿದ್ದಳು. ಹೇಳಬೇಕು’ ಎಂದಿತ್ತು. ಅದರ ಮುಂದೆ ಸಣ್ಣ ಅಕ್ಷರದಲ್ಲಿ ತಾರೀಕುಗಳು, ಒಂದರ ಪಕ್ಕ ಒಂದು. ಜಾಗ ಸಾಲದೆ ಪುಟದ ಅಂಚಿಗೆ ತಿರುಗಿ, ಮೇಲಕ್ಕೆ ಹತ್ತಿದ್ದವು. ಎಲ್ಲವೂ ಭಾನುವಾರಗಳು.

“ಎಲ್ಲರಿಗಿಂತ ಮೊದಲು ನಿಮ್ಮನೆಗೇ ಹೊರಟಿದ್ದು ಅವ್ರು,” ಎಂದಳು ಆಯಮ್ಮ. “ವಾಪಸ್ ಬರೋವಾಗ ನಮ್ಮ ಬಾಗಿಲಲ್ಲಿ ನಿಂತು, ‘ಇವತ್ತೂ ಆಗ್ಲಿಲ್ಲ ಆಯಮ್ಮ’ ಅನ್ನೋರು. ಪರವೂರಿನ ಡಿಪೋಗೆಲ್ಲ ಹೋಗೋಕೆ ಧೈರ್ಯ ಇತ್ತು. ಹೆತ್ತ ಮಗಳ ಮುಂದೆ ಬಾಯಿ ಬರ್ತಿರ್ಲಿಲ್ಲ.”

*

ಭಾನುವಾರಗಳು. ಅಮ್ಮ ಮಗಳ ಮನೆಯ ಸೋಫಾದ ತುದಿಯಲ್ಲಿ, ನೀಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಅಲುಗಾಡಿದರೆ ಒಳಗೆ ಗಾಜು ಸದ್ದು. ಚೀಲದಲ್ಲಿ ಏನಮ್ಮ ಎಂದು ಮಗಳು ಕೇಳುತ್ತಿರಲಿಲ್ಲ.

“ನಿಮ್ಮನೇಲಿ ಅಗಲವಾದ ತಟ್ಟೆ ಇದೆಯಾ?” ಎಂದು ಅಮ್ಮ ಒಮ್ಮೆ ಕೇಳಿದ್ದಳು. ಅಂದು ಅವಸರದಲ್ಲಿ ತನ್ನ ತಟ್ಟೆ ಮರೆತು ಬಂದಿದ್ದಳೋ ಏನೋ.

“ಯಾಕಮ್ಮ, ಊಟ ಆಯ್ತಲ್ಲ.”

“ಹೌದಲ್ಲ. ಆಯ್ತು.”

ಕಳೆದ ತಿಂಗಳು, ಬಸ್ ನಿಲ್ದಾಣದಲ್ಲಿ, ಬಸ್ಸು ತಿರುವಿನಲ್ಲಿ ಕಂಡ ಮೇಲೆ ಅಮ್ಮ ತಟ್ಟನೆ ಅವಳ ಕೈ ಹಿಡಿದಿದ್ದಳು, ಶಾಲೆಯ ಗೇಟಿನಾಚೆ ಹಿಡಿಯುತ್ತಿದ್ದ ಹಾಗೆ.

“ಗುಬ್ಬಿ, ನನ್ನ ಏನಾದ್ರೂ ಕೇಳೋದಿದೆಯೇನೇ ನಿಂಗೆ?”

“ಏನಿಲ್ಲಮ್ಮ. ಹತ್ತು, ಬಸ್ಸು ಹೊರಡುತ್ತೆ.”

ಅಮ್ಮ ಹತ್ತಿದಳು. ಕಿಟಕಿಯ ಗಾಜಿನ ಹಿಂದೆ ಅವಳ ತುಟಿ ಆಡಿತು. ಏನೆಂದು ಕೇಳಿಸಲಿಲ್ಲ. ಮಗಳು ಕೈಬೀಸಿದಳು.

*

ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಜನ ಎದ್ದರು, ಕುರ್ಚಿಗಳು ಸರಿದವು. ಮಗಳು ಚೀಲ ಹಿಡಿದು ಅಡುಗೆಮನೆಯ ಕಡೆ ಹೊರಟಳು.

“ಈಗ ಎಲ್ಲಿಗೇ? ಗಾಡಿ ಬಂತು,” ಎಂದಳು ಚಿಕ್ಕಮ್ಮ.

“ಐದು ನಿಮಿಷ ಕೊಡು ಚಿಕ್ಕಮ್ಮ.”

ಬಸ್ ಡ್ರೈವರ್ ಆ ಮಾತು ಕೇಳಿ ತಿರುಗಿ ನೋಡಿದ. ಚೀಲವನ್ನು ಕಂಡ. ಹೊರಗೆ ಹೋಗಿ, “ಅಣ್ಣಾ, ಸ್ವಲ್ಪ ಇಂಜಿನ್ ಆಫ್ ಮಾಡು. ಒಳಗೆ ಪಾಠ ನಡೀತಿದೆ,” ಎಂದು ಹೇಳಿ ಬಂದ.

ಮಗಳು ತಟ್ಟೆಗೆ ನೀರು ತುಂಬಿ ತಂದು ಅಮ್ಮನ ತಲೆಯ ಬಳಿ ಸ್ಟೂಲಿನ ಮೇಲಿಟ್ಟಳು. ಶಾಯಿಯ ಎರಡು ಹನಿ ಹಾಕಿದಳು. ಕೆಂಪು ಬಣ್ಣ ಹೊಗೆಯಂತೆ ಬಳುಕುತ್ತಾ ನೀರಲ್ಲೆಲ್ಲ ಹರಡಿತು. ಗಿರಣಿಯವಳು ಹೇಳಿಸಿಕೊಳ್ಳದೆಯೇ ಕಿಟಕಿಯ ಪರದೆ ಎಳೆದಳು. ಮಂದ ಬೆಳಕಿನಲ್ಲಿ ಡ್ರೈವರ್, ನಲ್ಲಿಯವನು, ಹೆಸರು ಗೊತ್ತಿಲ್ಲದ ಉಳಿದವರು, ತಲೆ ನರೆತವರು, ಹೊಟ್ಟೆ ಬಂದವರು, ಎಲ್ಲರೂ ಒಬ್ಬೊಬ್ಬರಾಗಿ ನೆಲದ ಮೇಲೆ ಕಾಲು ಮಡಚಿ ಕೂತರು. ಬಾಗಲಾರದ ಆಯಮ್ಮ ಬಾಗಿಲಲ್ಲಿ ನಿಂತಳು, ಬೀಗ ಹಿಡಿದು ಕಾಯುವವಳಂತೆ.

ಕಡ್ಡಿ ಗೀರಿದಳು. ಬತ್ತಿ ಹೊತ್ತಿಕೊಂಡಿತು. ಅಮ್ಮನ ಮುಖದ ಮೇಲೆ ಆ ಹಳೆಯ ಬೆಳಕು ಬಿತ್ತು.

ಮಸಿಯ ಲೋಟವನ್ನು ಬೋರಲು ಹಾಕಿದಳು. ಅಂಚಿನಲ್ಲಿ ಒಂದೆರಡು ಗುಳ್ಳೆ ಎದ್ದು ಒಡೆದವು. ಉರಿ ಸಣ್ಣಗಾಯಿತು. ನೀಲಿಯಾಯಿತು. ಬತ್ತಿಯ ತುದಿಯನ್ನು ಒಂದು ಕ್ಷಣ ಹಿಡಿದುಕೊಂಡಿದ್ದು, ಬಿಟ್ಟಿತು. ಹೊಗೆಯ ಒಂದು ಎಳೆ ಮೇಲೆದ್ದು, ಲೋಟದ ತಳಕ್ಕೆ ತಾಗಿ, ಸುರುಳಿಯಾಗಿ ಕರಗಿತು. ಕೆಂಪು ನೀರು ಅಲುಗಾಡದೆ ಮಲಗಿತ್ತು.

“ಟೀಚರ್,” ಎಂದಳು ಮಗಳು. ಅವಳ ಕಣ್ಣಿನಿಂದ ಇಳಿದದ್ದು ತಟ್ಟೆಯ ಅಂಚಿಗೆ ಬಿತ್ತು. “ಈಗ. ಈಗ ನೋಡಿ.”

ನೀರು ಏರತೊಡಗಿತು. ಗಾಜಿನ ಗೋಡೆಯನ್ನು ಹಿಡಿದುಕೊಂಡು, ಆರಿದ ಬತ್ತಿಯ ಸುತ್ತ, ಮಸಿಯ ಕಪ್ಪು ವೃತ್ತದ ಕಡೆಗೆ, ಮೇಲೆ, ಇನ್ನೂ ಮೇಲೆ.